ಸೇನೆಯ ಬೋರ್ಡೂ ನನ್ನ ಬ್ರಶ್ಶೂ

"ಆರು ತಿಂಗಳು ನೋಡ್ರಿ. ಆಮ್ಯಾಲ ಬ್ರಶ್ ಒಗದು ನನ್ನ ಬಾಗಲಿಗೇ ಬರ್ತಾಳ," ಎಂದು ನನ್ನ ಸೋದರಮಾವ ಇಡೀ ಚಾಳಿಗೆ ಕೇಳುವಂತೆ ಹೇಳಿದ್ದ.

ಮುಂಬಯಿಯ ದಾದರಿನಲ್ಲಿ ಬೋರ್ಡು ಬರೆಯುವ ಅಂಗಡಿ ಅವನದು. ಬಿಜಾಪುರದ ಕಡೆಯಿಂದ ಬಂದ ನಾನು, ಅವನು ಗೆರೆ ಹಾಕಿಟ್ಟ ಅಕ್ಷರಗಳಿಗೆ ಬಣ್ಣ ತುಂಬುತ್ತಾ ದೊಡ್ಡವಳಾದೆ. ಶಾಲೆಗೆ ಹೋದವಳಲ್ಲ. ಅಕ್ಷರ ಮೊದಲು ನನ್ನ ಕೈಗೆ ಬಂತು, ಆಮೇಲೆ ಕಣ್ಣಿಗೆ, ಕೊನೆಗೆ ತಲೆಗೆ. ಇಂಗ್ಲಿಷನ್ನು ಲೋಕಲ್ ರೈಲಿನ ಕಿಟಕಿಯಲ್ಲಿ ಕೂತು ಸ್ಟೇಷನ್ ಬೋರ್ಡು ಓದಿ ಕಲಿತೆ. ಹಾಗಾಗಿ ಬಹಳ ದಿನ ನನಗೆ ಬರುತ್ತಿದ್ದ ಇಂಗ್ಲಿಷೆಲ್ಲ ಬರೀ ಊರ ಹೆಸರುಗಳು.

ಜಗಳವಾದದ್ದು ಹೆಸರಿನ ವಿಷಯಕ್ಕೆ. ನಮ್ಮ ಕಸುಬಿನಲ್ಲಿ ಬೋರ್ಡು ಮುಗಿದ ಮೇಲೆ ಕೆಳಗಿನ ಮೂಲೆಯಲ್ಲಿ ಬರೆದವರ ಹೆಸರನ್ನು ಸಣ್ಣದಾಗಿ ಹಾಕುತ್ತಾರೆ. ನಾನು ಬರೆದ ಬೋರ್ಡಿಗೂ ಮಾವ ತನ್ನ ಹೆಸರನ್ನೇ ಹಾಕುತ್ತಿದ್ದ. ಒಂದು ದಿನ "ನಂದು ಹಾಕ್ತೀನಿ" ಎಂದೆ. "ಹೆಂಗಸಿನ ಹೆಸರು ಕಂಡ್ರ ಗಿರಾಕಿ ಓಡಿ ಹೋಗ್ತಾವ" ಎಂದ. ಅವತ್ತೇ ಡಬ್ಬಿ, ಬ್ರಶ್ಶು ಎತ್ತಿಕೊಂಡು ಪಕ್ಕದ ಚಾಳಿನ ಮೆಟ್ಟಿಲ ಕೆಳಗೆ ನನ್ನದೇ ಅಂಗಡಿ ಹಾಕಿದೆ: ನೀಲವ್ವ ಆರ್ಟ್ಸ್, ದಾದರ್.

ಅಂಗಡಿ ಹಾಕಿದ್ದು ಯುದ್ಧ ಬಂದ ವರ್ಷ. ವಿಮಾನದಿಂದ ಬಾಂಬು ಬೀಳುವ ಭಯಕ್ಕೆ ರಾತ್ರಿ ಊರಿಗೆಲ್ಲ ಕತ್ತಲೆಯ ಆಜ್ಞೆ. ಕಾರುಗಳ ಹೆಡ್‌ಲೈಟಿಗೆ ಅರ್ಧ ಕಪ್ಪು ಬಳಿಯುವ ಕೆಲಸ ಬೇಕಾದಷ್ಟು ಸಿಕ್ಕಿತು. ಹೆಡ್‌ಲೈಟಿನ ಮೇಲೆ ಯಾರಾದರೂ ಪೇಂಟರ್ ಹೆಸರು ಹಾಕಿಸಿಕೊಳ್ಳುತ್ತಾರೆಯೇ? ಯುದ್ಧ ಮುಗಿಯಿತು, ಕೆಲಸವೂ ಮುಗಿಯಿತು. ನಾಲ್ಕು ಜನ ನೋಡುವ ಜಾಗದಲ್ಲಿ, ಮೂಲೆಯಲ್ಲಿ ನನ್ನ ಹೆಸರಿರುವ ಒಂದು ದೊಡ್ಡ ಬೋರ್ಡು ನನಗೆ ಬೇಕಿತ್ತು. ಅದು ಸಿಗದಿದ್ದರೆ ಮಾವನ ಬಾಗಿಲೇ ಗತಿ.

ಬೋರ್ಡು ಬರೆಯುವವಳ ಬದುಕಿನಲ್ಲಿ ನಗುವಂಥದ್ದು ನಡೆಯುತ್ತಲೇ ಇರುತ್ತದೆ. ಏಣಿಯ ಮೇಲೆ ನಿಂತಾಗ ನಗಲು ಆಗುವುದಿಲ್ಲ, ಅಷ್ಟೇ. ಇಳಿದ ಮೇಲೆ ಬರೆಯುತ್ತಿದ್ದೇನೆ.

೧. ಆರ್ಡರು

ಅಂಧೇರಿಯ ಕಡೆ ಒಂದು ಸರ್ಕಾರಿ ಕಚೇರಿಯಿತ್ತು. ಸೇನೆಗೆ ಎಂಥ ಹೊಸ ಯಂತ್ರ ಬೇಕು, ಯಾವ ವಿಜ್ಞಾನ ಅದರ ಉಪಯೋಗಕ್ಕೆ ಬರುತ್ತದೆ ಎಂದು ಸರ್ಕಾರಕ್ಕೆ ಸಲಹೆ ಕೊಡುವ ಮಂಡಳಿ ಅಲ್ಲಿ ಸಭೆ ಸೇರುತ್ತಿತ್ತು. ನಿವೃತ್ತ ಸೇನಾಧಿಕಾರಿಗಳು, ವಿಜ್ಞಾನಿಗಳು, ಪ್ರೊಫೆಸರುಗಳು ಅದರ ಸದಸ್ಯರು. ಕಚೇರಿಯಲ್ಲಿ ಎಲ್ಲರೂ ಆ ಮಂಡಳಿಯನ್ನು 'ಬೋರ್ಡು' ಎನ್ನುತ್ತಿದ್ದರು. ನನಗೆ ಇದೆಲ್ಲ ಎಲ್ಲಿ ಗೊತ್ತು? ನನ್ನ ಪಾಲಿಗೆ ಬೋರ್ಡು ಎಂದರೆ ಹಲಗೆ.

ಅಲ್ಲಿನ ಪ್ಯೂನ್ ನಮ್ಮ ಕಡೆಯವನು, ನಮ್ಮ ಚಾಳಿನಲ್ಲೇ ಇದ್ದ. ಒಂದು ಸಂಜೆ ಬಂದು, "ನೀಲಕ್ಕ, ನಮ್ಮ ಆಫೀಸ್‌ದಾಗ ಬೋರ್ಡ್ ಮುಗದೈತಿ. ರಿನ್ಯೂ ಆಗವಲ್ದು, ರಿನ್ಯೂ ಆಗವಲ್ದು ಅಂತ ಸಾಹೇಬ್ರು ದಿನಾ ಹಣಿ ಬಡಕೊಳ್ಳಾಕತ್ತಾರ. ನೋಡು, ನಿನಗೇನರ ಆದೀತು," ಎಂದ.

ಮರುದಿನವೇ ಲೋಕಲ್ ಹಿಡಿದೆ. ಬೋರ್ಡು ರಿನ್ಯೂ ಮಾಡಲು ಬಂದಿದ್ದೇನೆ ಎಂದು ಗೇಟಿನ ಸಿಪಾಯಿಗೆ ಹಿಂದಿಯಲ್ಲಿ ಹೇಳಿದೆ. ಅವನು ಒಳಗೆ ಓಡಿದ. ಸಾಹೇಬರು ಹೊರಗೆ ಓಡಿ ಬಂದರು. ಮಂಡಳಿಯ ಅವಧಿ ಮುಗಿದಿತ್ತಂತೆ. ಮುಂದಿನ ಸದಸ್ಯರನ್ನು ನೇಮಿಸುವ ಆದೇಶ ದಿಲ್ಲಿಯಿಂದ ಬರಬೇಕಿತ್ತಂತೆ. ಅದು ಬರುವವರೆಗೆ ಸಭೆಯಿಲ್ಲ, ಸಭೆಯಿಲ್ಲದೆ ಸಾಹೇಬರಿಗೆ ಕೆಲಸವಿಲ್ಲ. ನನ್ನನ್ನು ಫ್ಯಾನಿನ ಕೆಳಗೆ ಕೂಡಿಸಿ ಚಹಾ, ಬಿಸ್ಕತ್ತು ತರಿಸಿದರು.

"ಪ್ರಯಾಣ ಹೇಗಾಯಿತು ಬಾಯಿ?" ಎಂದು ಮರ್ಯಾದೆಯಿಂದ ಕೇಳಿದರು.

"ಬಹಳ ಗರ್ದಿ. ನಿಂತೇ ಬಂದೆ."

"ದಿಲ್ಲಿಯಿಂದ ನಿಂತೇ ಬಂದಿರಾ!"

"ದಾದರಿನಿಂದ."

ಸಾಹೇಬರು ನನ್ನ ಕೈಚೀಲದಿಂದ ಇಣುಕುತ್ತಿದ್ದ ಬ್ರಶ್ಶುಗಳನ್ನು ಆಗ ನೋಡಿದರು. ಸಣ್ಣ ದನಿಯಲ್ಲಿ ಕೇಳಿದರು: "ಆರ್ಡರು ತಂದಿದ್ದೀರಿ ತಾನೇ?"

"ತರೋದೇನು ಸಾಹೇಬರೇ? ತಗೊಂಡು ಹೋಗೋಕೆ ಬಂದಿದ್ದೀನಿ."

ವಿಷಯ ತಿಳಿಯಾಗುವ ಹೊತ್ತಿಗೆ ಇಬ್ಬರ ಮುಖವೂ ಕೆಂಪಾಗಿತ್ತು. ಆದರೆ ನಾನು ಎದ್ದು ಹೋಗಲಿಲ್ಲ. "ನಿಮ್ಮ ಆ ಬೋರ್ಡು ಬಂದಾಗ ಹೆಸರು ಬರೆಸೋಕೆ ನನ್ನ ಈ ಬೋರ್ಡು ಬೇಕೇ ಬೇಕಲ್ಲ?" ಎಂದೆ. ಸಾಹೇಬರು ಯೋಚಿಸಿದರು. ಗೋಡೆಯ ಮೇಲಿದ್ದ ಹಳೆಯ ಹಲಗೆಗೆ ಗೆದ್ದಲು ಹಿಡಿದಿತ್ತು. ಕೆಲಸ ಕೊಟ್ಟರು. ಬಿಸ್ಕತ್ತಿನ ತಟ್ಟೆಯನ್ನು ಮಾತ್ರ ಪ್ಯೂನ್ ಕೈಯಲ್ಲಿ ವಾಪಸು ಕಳಿಸಿದರು.

೨. ಬರೆಯಬಹುದು, ಓದಬಾರದು

ಹೊಸ ಹೆಸರುಗಳು ಬರುವತನಕ 'ಹಿಂದಿನ ಸದಸ್ಯರು' ಎಂಬ ಸಣ್ಣ ಬೋರ್ಡು ಬರೆಯಬೇಕೆಂದು ಹೆಡ್ ಕ್ಲಾರ್ಕ್ ಹೇಳಿದರು. ಹಾಳೆ ಕೊಡಿ ಎಂದೆ. ಅವರು ಹಾಳೆಯನ್ನು ಎದೆಗೆ ಅವಚಿಕೊಂಡರು.

"ಇದು ಸೇನೆಯ ವಿಷಯ ಬಾಯಿ. ಹೊರಗಿನವರು ಬರೆಯಬಹುದು, ಓದಬಾರದು."

"ಓದೋದು ಕಲಿಯೋಕೆ ನನಗೆ ಅರ್ಧ ಆಯುಷ್ಯ ಹಿಡಿದಿದೆ. ಈಗ ನಿಮ್ಮ ಸಲುವಾಗಿ ಮರೆತುಬಿಡಲಾ?"

ಅವರು ಬಗ್ಗಲಿಲ್ಲ. ಕೊನೆಗೆ ತಾವೇ ಒಂದು ಉಪಾಯ ಹುಡುಕಿದರು. ಒಂದೊಂದೇ ಅಕ್ಷರ ಕೂಗಿ ಹೇಳುವುದು, ನಾನು ಒಂದೊಂದೇ ಬರೆಯುವುದು. ಅಕ್ಷರ ತಿಳಿದರೂ ಹೆಸರು ತಿಳಿಯುವುದಿಲ್ಲ ಎಂದು ಅವರ ಲೆಕ್ಕ. ಸರಿ, ಏಣಿ ಹತ್ತಿದೆ. ಅವರು ಕೂಗಿದರು, ನಾನು ಬರೆದೆ. ನಡುವೆ ಫೋನು ಬಂತು. ಮಾತಾಡಿ ಬಂದವರು ಹಾಳೆ ನೋಡಿದರು, ನನ್ನನ್ನು ನೋಡಿದರು.

"ಎಲ್ಲಿಗೆ ನಿಂತಿದ್ದೆವು?"

"ನನಗೆ ಹೇಗೆ ಗೊತ್ತಾಗಬೇಕು ಸಾಹೇಬರೇ? ನಾನು ಓದುವಂತಿಲ್ಲವಲ್ಲ."

ಅವರು ಕನ್ನಡಕ ಒರೆಸಿಕೊಂಡು ಹಲಗೆಯ ಹತ್ತಿರ ಬಂದರು. ಹಸಿ ಬಣ್ಣ ಮೂಗಿಗೆ ಅಂಟಿತು. ಸೇನೆಯ ಗುಟ್ಟಿನ ಹಾಳೆಯನ್ನು ನನ್ನ ಕೈಗೆ ಕೊಟ್ಟು ಮೂಗು ತೊಳೆಯಲು ಹೋದರು.

೩. ಕೈಲಾಸವಾಸಿಗಳು

ಹಾಳೆಯನ್ನು ಎರಡು ಸಲ ಓದಿದೆ. ಪ್ರತಿ ಹೆಸರಿನ ಮುಂದೆಯೂ ಇಂಗ್ಲಿಷಿನಲ್ಲಿ 'ಎಕ್ಸ್‌ಪೈರ್ಡ್' ಎಂದಿತ್ತು. ಊರಿಂದ ಚಾಳಿಗೆ ಬರುವ ತಂತಿಗಳಲ್ಲಿ ಆ ಪದವನ್ನು ಎಷ್ಟು ಸಲ ಓದಿ ಹೇಳಿದ್ದೇನೋ. ತೀರಿಕೊಂಡರು ಎಂದು ಅದರ ಅರ್ಥ. ಇಲ್ಲಿ ಎಲ್ಲರೂ ಒಂದೇ ತಾರೀಖಿಗೆ ತೀರಿಕೊಂಡಿದ್ದರು! ಸೇನೆಯ ವಿಜ್ಞಾನದ ಬೋರ್ಡು ಬೇರೆ. ಏನೋ ಹೊಸ ಬಾಂಬನ್ನು ಮೇಜಿನ ಮೇಲಿಟ್ಟು ನೋಡುವಾಗ ಸಿಡಿದಿರಬೇಕು, ಅದಕ್ಕೇ ಇಷ್ಟು ಗುಟ್ಟು ಮಾಡುತ್ತಿದ್ದಾರೆ ಅಂದುಕೊಂಡೆ.

ಮರಾಠಿಯಲ್ಲಿ ತೀರಿಕೊಂಡವರ ಹೆಸರಿನ ಮುಂದೆ 'ಕೈ.' ಎಂದು ಬರೆಯುವ ವಾಡಿಕೆಯಿದೆ, ಕೈಲಾಸವಾಸಿ ಎಂದು. ಪ್ರತಿ ಹೆಸರಿಗೂ ಮುತುವರ್ಜಿಯಿಂದ 'ಕೈ.' ಹಾಕಿದೆ. ಅಂಚಿಗೆ ಹಣ ಕೇಳದೆ ಒಂದು ಹೂಮಾಲೆಯನ್ನೂ ಬರೆದೆ. ಮೂಲೆಯಲ್ಲಿ ನನ್ನ ಹೆಸರು ಹಾಕಿದೆ.

ಎರಡು ದಿನದ ಮೇಲೆ ದೊಡ್ಡ ಮೀಸೆಯ ನಿವೃತ್ತ ಬ್ರಿಗೇಡಿಯರ್ ಒಬ್ಬರು ಕಚೇರಿಗೆ ಬಂದರು. ಬೋರ್ಡಿನ ಮುಂದೆ ನಿಂತರು. ನಿಂತೇ ಇದ್ದರು.

"ಸಾಹೇಬರೇ, ನಾನು ಸತ್ತದ್ದು ಯಾವಾಗ?"

ಆಗ ಗೊತ್ತಾಯಿತು, ಮುಗಿದದ್ದು ಅವರ ಅವಧಿ, ಅವರಲ್ಲ. ಸಾಹೇಬರು ನನ್ನನ್ನು ಕರೆಸಿ ಕೂಗಾಡಿದರು. "ಅದೂ ಅಲ್ಲದೆ ಸರ್ಕಾರಿ ಬೋರ್ಡಿನ ಮೇಲೆ ನಿನ್ನ ಹೆಸರು ಯಾಕೆ?"

"ತಪ್ಪಾದರೆ ಯಾರನ್ನು ಕರೆಸಿ ಬೈಯಬೇಕು ಅಂತ ನಿಮಗೆ ತಿಳಿಯಬೇಕಲ್ಲ? ಹೆಸರಿತ್ತು, ಕರೆಸಿದಿರಿ," ಎಂದೆ. "ಮುಂದಿನ ಬೋರ್ಡಿಗೂ ಹಾಕುತ್ತೇನೆ."

ಬ್ರಿಗೇಡಿಯರ್ ಮಾತ್ರ ಮಾಲೆ ಚೆನ್ನಾಗಿದೆ ಎಂದರು. ನಾನು 'ಕೈ.' ಗಳನ್ನು ಕೆರೆಯುತ್ತಿದ್ದಾಗ ಪ್ಯೂನ್ ಏಣಿ ಹಿಡಿದುಕೊಂಡು ಸಮಾಧಾನ ಹೇಳಿದ: "ತಲಿ ಕೆಡಿಸ್ಕೋಬ್ಯಾಡ ನೀಲಕ್ಕ. ಹ್ವಾದ ಸಲಾನೂ ಇವರು ಎಲ್ಲಾರೂ ಹಿಂಗ ಮುಗದಿದ್ರು. ದಿಲ್ಲಿಯವ್ರು ಇವರನ್ನ ತಿರುಗಿ ಹುಟ್ಟಿಸಿದ್ರು."

೪. ಮಾವ ಬಂದ

ದೊಡ್ಡ ಬೋರ್ಡಿನ ಹೊತ್ತಿಗೆ ಸಾಹೇಬರು ಖಡಾಖಂಡಿತ ಹೇಳಿದರು: ಪೇಂಟರ್ ಹೆಸರು ಇರಕೂಡದು. ಹೆಸರಿಲ್ಲದ ಬೋರ್ಡು ನಾನು ಬರೆಯುವುದಿಲ್ಲ ಎಂದೆ. ಮನೆಯಲ್ಲಿ ಹಿಟ್ಟಿನ ಡಬ್ಬಿ ತಳ ಕಂಡಿತ್ತು, ಆದರೂ ಹಾಗೆಂದೆ.

"ಮುಂಬಯಿಯಲ್ಲಿ ನೀನೊಬ್ಬಳೇನಾ ಪೇಂಟರ್?" ಎಂದು ಸಾಹೇಬರು ದಾದರಿನಿಂದ ಇನ್ನೊಬ್ಬನನ್ನು ಕರೆಸಿದರು. ನನ್ನ ಡಬ್ಬಿ, ಬ್ರಶ್ಶು ಎತ್ತಿಕೊಳ್ಳಲು ಹೋದಾಗ ಬಾಗಿಲಲ್ಲಿ ನೋಡಿದರೆ ನನ್ನ ಸೋದರಮಾವ! ಕೋಟು ಹಾಕಿಕೊಂಡು ಬಂದಿದ್ದ. ನನ್ನ ಕಡೆ ಕಣ್ಣೆತ್ತಿ ನೋಡಲಿಲ್ಲ. ಹಲಗೆಯನ್ನು ಬೆರಳಿಂದ ಬಡಿದು ನೋಡಿದ, ಅಳತೆ ತೆಗೆದುಕೊಂಡ. ನನ್ನ ಕತೆ ಮುಗಿಯಿತು ಅಂದುಕೊಂಡೆ.

ಸಾಹೇಬರು, "ಒಂದೇ ಷರತ್ತು. ನಿಮ್ಮ ಹೆಸರು ಹಾಕಬಾರದು," ಎಂದರು.

ಮಾವ ಅಳತೆಯ ಪಟ್ಟಿಯನ್ನು ಸುತ್ತಿ ಕೋಟಿನ ಜೇಬಿಗೆ ಹಾಕಿದ. "ಸಾಹೇಬ್ರ, ಹೆಸರಿಲ್ಲದ್ದು ಬರಿಯಾಕ ನಾ ಏನು ಗ್ವಾಡಿಗೆ ಸುಣ್ಣಾ ಹಚ್ಚಾಂವೇನ್ರಿ?" ಎಂದವನೇ ಹೊರಗೆ ನಡೆದ. ಪ್ಯೂನ್ ಇದನ್ನು ಹಿಂದಿಗೆ ತಿರುಗಿಸಿ ಹೇಳುವಷ್ಟರಲ್ಲಿ ಮಾವ ಮೆಟ್ಟಿಲಿಳಿದಿದ್ದ.

ನಾನು ಹಿಂದೆ ಓಡಿದೆ. "ಮಾಮಾ, ನನ್ನ ಮಾತು ಉಳಿಸಿದಿ."

"ನಿನ್ನ ಸಲುವಾಗಿ ಅಲ್ಲಲೇ. ನನಗ ಏಣಿ ಹತ್ತಾಕ ಆಗೂದಿಲ್ಲ," ಎಂದು ಗೊಣಗಿದ. ಗೇಟು ದಾಟಿದ ಮೇಲೆ ತಿರುಗಿ ನಿಂತು ಕೂಗಿದ: "ಅಕ್ಷರಾ ಸ್ವಲ್ಪ ದಪ್ಪ ತಗಿ. ಉಪಾಸ ಇದ್ದವರ ಗತೆ ಬರೀತಿ!"

೫. ಸಲಹಾ ಮಂಡಳಿಯ ಏಕೈಕ ಸದಸ್ಯೆ

ಸಾಹೇಬರಿಗೆ ಬೇರೆ ದಾರಿ ಉಳಿಯಲಿಲ್ಲ. ದಿಲ್ಲಿಯಿಂದ ಯಾರೋ ಹಿರಿಯ ಸೇನಾಧಿಕಾರಿ ಕಚೇರಿ ನೋಡಲು ಬರುವವರಿದ್ದರು, ಹಳೆಯ ಹಲಗೆ ತೆಗೆದ ಗೋಡೆ ಬೋಳಾಗಿತ್ತು. "ಹಾಕು, ಆದರೆ ಸಣ್ಣದಾಗಿ," ಎಂದರು. ಸಭೆಯ ಹಾಲ್‌ನ ಗೋಡೆಯಗಲದ ಹಲಗೆಗೆ ಕಡುಹಸಿರು ಬಣ್ಣ ಕೊಟ್ಟು, ಮೇಲೆ ಬಂಗಾರದ ಅಕ್ಷರದಲ್ಲಿ ಮಂಡಳಿಯ ಉದ್ದನೆಯ ಹೆಸರು, ಅದರ ಕೆಳಗೆ 'ಸದಸ್ಯರು' ಎಂದು ಬರೆದೆ. ಸದಸ್ಯರ ಹೆಸರುಗಳು ದಿಲ್ಲಿಯಿಂದ ಇನ್ನೂ ಬಂದಿರಲಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟು ಮೂಲೆಯಲ್ಲಿ ನನ್ನದನ್ನು ಹಾಕಿದೆ: ನೀಲವ್ವ ಆರ್ಟ್ಸ್, ದಾದರ್.

ಅಧಿಕಾರಿ ಬಂದ ದಿನ ನಾನು ಅಂಚಿಗೆ ಬಣ್ಣ ಹಚ್ಚುತ್ತಾ ಏಣಿಯ ಮೇಲಿದ್ದೆ. ಎದೆಯ ತುಂಬ ಪದಕಗಳಿದ್ದ ಆ ಮನುಷ್ಯ ಬೋರ್ಡನ್ನು ಮೇಲಿಂದ ಕೆಳಗೆ ಓದಿದರು. ಮತ್ತೊಮ್ಮೆ ಓದಿದರು.

"ಇಡೀ ಮಂಡಳಿಗೆ ಒಬ್ಬರೇ ಸದಸ್ಯರೇ?"

ಸಾಹೇಬರು ಹೆಡ್ ಕ್ಲಾರ್ಕರ ಕಡೆ ತಿರುಗಿದರು. ಅಧಿಕಾರಿ ಮುಂದುವರಿಸಿದರು:

"ಅದೂ ಮಹಿಳೆ. ಇರಲಿ, ಒಳ್ಳೆಯದೇ. ಆದರೆ ವಿಜ್ಞಾನದ ಮಂಡಳಿಗೆ ಆರ್ಟ್ಸ್ ಓದಿದವರನ್ನು ಯಾಕೆ ಹಾಕಿದಿರಿ?"

ನಾನು ಏಣಿಯ ಮೇಲಿಂದಲೇ ಹೇಳಿದೆ: "ಸಾಹೇಬರೇ, ಅವಳು ಆರ್ಟ್ಸೂ ಓದಿಲ್ಲ."

ಅವರು ನನ್ನ ಕಡೆ ನೋಡಲೇ ಇಲ್ಲ. ಏಣಿಯ ಮೇಲಿನ ಹೆಂಗಸು ಮಾತಾಡುವುದನ್ನು ಅವರು ಯಾವತ್ತೂ ಕೇಳಿರಲಿಲ್ಲವೋ ಏನೋ. ಸೀದಾ ದಿಲ್ಲಿಗೆ ಹೋಗಿ, ಮಂಡಳಿಯಲ್ಲಿ ಆರ್ಟ್ಸಿನವರೊಬ್ಬರೇ ಉಳಿದಿದ್ದಾರೆ, ದೇಶದ ರಕ್ಷಣೆಯ ಪ್ರಶ್ನೆ, ಉಳಿದವರನ್ನು ಕೂಡಲೇ ನೇಮಿಸಿ ಎಂದು ಸರ್ಕಾರಕ್ಕೆ ಬರೆದುಬಿಟ್ಟರು. ಅಷ್ಟು ದಿನ ಅಲುಗಾಡದ ಆದೇಶ ಹದಿನೈದು ದಿನದಲ್ಲಿ ಬಂತು. ಮೀಸೆಯ ಬ್ರಿಗೇಡಿಯರೂ ಅವರ ಜೊತೆಯವರೂ ಎಲ್ಲ ತಿರುಗಿ ಹುಟ್ಟಿದ್ದರು. ಆದರೆ ಆದೇಶದ ಮೊದಲ ಸಾಲೇ, "ಈಗಿರುವ ಸದಸ್ಯೆಯ ಜೊತೆಗೆ ಈ ಕೆಳಗಿನವರನ್ನು ನೇಮಿಸಲಾಗಿದೆ" ಎಂದಿತ್ತು.

ತಪ್ಪಾಗಿದೆ ಎಂದು ದಿಲ್ಲಿಗೆ ತಿಳಿಸಿದರೆ ಆದೇಶ ಹಿಂದಕ್ಕೆ ಹೋಗುತ್ತದೆ, ಮತ್ತೆ ಎಷ್ಟು ದಿನ ಕಾಯಬೇಕೋ. ಸಾಹೇಬರು ಹೆಡ್ ಕ್ಲಾರ್ಕರನ್ನು ನನ್ನ ಅಂಗಡಿಗೆ ಕಳಿಸಿದರು. ಅವರು ಮೆಟ್ಟಿಲ ಕೆಳಗೆ ಬಗ್ಗಿ, ಬಣ್ಣದ ಡಬ್ಬಿಯ ಮೇಲೆ ಕೂತು, ದನಿ ತಗ್ಗಿಸಿ ಹೇಳಿದರು: "ಬಾಯಿ, ದಯವಿಟ್ಟು ಒಂದು ರಾಜೀನಾಮೆ ಬರೆದುಕೊಡಿ. ವೈಯಕ್ತಿಕ ಕಾರಣ ಅಂತ ಹಾಕಿ."

"ಎಷ್ಟು ವರ್ಷ ಕಾದಿದ್ದೀನಿ ಸಾಹೇಬರೇ ನನ್ನ ಹೆಸರು ಒಂದು ಬೋರ್ಡಿನ ಮೇಲೆ ಬರಲಿ ಅಂತ. ಬಂದು ತಿಂಗಳಾಗೋದರೊಳಗೇ ಬಿಡು ಅಂತೀರಾ?"

"ಆದರೆ ಬಾಯಿ, ಇದು ಆ ಬೋರ್ಡಲ್ಲ!"

"ನನಗೆ ಎರಡೂ ಒಂದೇ," ಎಂದೆ.

ಆ ಕಚೇರಿಗೆ ಬಂದುಹೋದವರು ಮೂಲೆಯ ಹೆಸರು ಓದಿಕೊಂಡು ದಾದರಿಗೆ ಬರತೊಡಗಿದರು. ಕಾರ್ಖಾನೆಗಳ ಬೋರ್ಡುಗಳು ಬಂದವು, ಶಾಲೆಗಳವೂ ಬಂದವು. ಮೆಟ್ಟಿಲ ಕೆಳಗಿನಿಂದ ಹೊರಗೆ ಬಂದೆ. ಈಗ ರಸ್ತೆಗೆ ಮುಖ ಮಾಡಿದ ಅಂಗಡಿಯಿದೆ, ಬಾಡಿಗೆಯದಲ್ಲ, ನನ್ನದು. ಎತ್ತರದ ಏಣಿಗಳಿವೆ, ಗೋಡೆಗೊಂದು ಕಪಾಟಿನ ತುಂಬ ಪುಸ್ತಕಗಳಿವೆ, ಎಲ್ಲವನ್ನೂ ನಾನೇ ಓದಿದ್ದೇನೆ. ಇದಕ್ಕೆ ಬೆಲೆ ಕೊಡಲಿಲ್ಲವೆಂದಲ್ಲ. ಏಣಿಗೆ ಮೊಣಕಾಲು ಎರಡೂ ಕೊಟ್ಟೆ. ಬಣ್ಣ ತೆಳುಮಾಡುವ ಟರ್ಪೆಂಟೈನಿಗೆ ಮೂಗು ಕೊಟ್ಟೆ. ಮುಡಿದ ಮಲ್ಲಿಗೆ ಈಗ ಬೇರೆಯವರಿಗೆ ಪರಿಮಳ, ನನಗಲ್ಲ. ರಾಜೀನಾಮೆ ಮಾತ್ರ ಕೊಟ್ಟಿಲ್ಲ.