ಒಂದೇ ಒಲೆಯ ಸಂಸಾರ

ಹುಣಸೆದೊಡ್ಡಿಯ ಬಾಲರಾಜುವಿಗೆ ಹೊಟ್ಟೆ ಉರಿ ಹತ್ತಿಕೊಂಡದ್ದು ಒಂದು ಮೂಟೆ ಅಕ್ಕಿಯಿಂದ. ಆ ಮೂಟೆ ಇದ್ದದ್ದು ಸುದಾಮನ ಹೆಗಲ ಮೇಲೆ. ಸುದಾಮ ಒರಿಸ್ಸಾದ ಹುಡುಗ. ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಕಂಪನಿಯಲ್ಲಿ ಕಬ್ಬಿಣ ಕಾಯಿಸುವ ಕೆಲಸಕ್ಕೆ ಬಂದು, ಮೂರು ವರ್ಷದಿಂದ ದಾಸಪ್ಪನ ಟೀ ಅಂಗಡಿಯ ಹಿಂದಿನ ಶೀಟಿನ ರೂಮಿನಲ್ಲಿ ಬಾಡಿಗೆಗಿದ್ದ. ಅವನ ಭಾಷೆ ಒರಿಯಾ. ಆದರೆ ಹುಣಸೆದೊಡ್ಡಿಯವರ ಪಾಲಿಗೆ ರೈಲಿನಲ್ಲಿ ಎರಡು ರಾತ್ರಿ ಕಳೆದು ಬಂದವರೆಲ್ಲ ಹಿಂದಿಯೋರೇ.

"ನೋಡ್ಲಾ ಬಾಲ, ಸೊಸೈಟಿ ಅಕ್ಕಿ!" ಎಂದ ದಾಸಪ್ಪ, ಟೀ ಸೋಸುತ್ತಲೇ. "ಎಲ್ಲಿಂದ್ಲೋ ಬಂದೋರ್ಗೆಲ್ಲ ಬಡವ್ರ ಕಾರ್ಡು ಮಾಡ್ಕೊಟ್ಬುಟ್ಟವ್ರೆ. ನಾವು ಇಲ್ಲೇ ಹುಟ್ಟಿ ಏನ್ಲಾ ಬಂತು ಭಾಗ್ಯ?"

ದಾಸಪ್ಪನ ಗುಣವೇ ಅಂಥದ್ದು. ಬೆಂಕಿ ಹಚ್ಚುತ್ತಾನೆ, ಆಮೇಲೆ ಅದರ ಮೇಲೇ ಟೀ ಕಾಯಿಸುತ್ತಾನೆ.

ಬಾಲರಾಜು ಅವತ್ತೇ ಕೂತು ಒಂದು ಮೂಗರ್ಜಿ ಗೀಚಿದ. ಹೊರಗಿನವರು ಬಂದು ಬಡವರ ಕಾರ್ಡು ಹೊಡೆದುಕೊಂಡು ಸರ್ಕಾರಕ್ಕೆ ಟೋಪಿ ಹಾಕುತ್ತಿದ್ದಾರೆ, ತಾವು ಖುದ್ದಾಗಿ ಬಂದು ಮನೆಮನೆ ತಪಾಸಣೆ ಮಾಡಬೇಕು ಎಂದು ಬರೆದು, ಹೆಸರು ಹಾಕದೆ ತಾಲೂಕು ಆಫೀಸಿಗೆ ಪೋಸ್ಟು ಮಾಡಿದ. ಮನೆಮನೆ ಅನ್ನುವ ಮಾತು ಬರೆಯದಿದ್ದರೆ ಇವನ ಅಪ್ಪನ ಗಂಟೇನು ಹೋಗುತ್ತಿತ್ತೋ ನಾ ಕಾಣೆ.

ಸಾವಿರ ಅರ್ಜಿಗೆ ಅಲುಗಾಡದ ಸರ್ಕಾರ ಈ ಒಂದಕ್ಕೆ ದಡಬಡನೆ ಎದ್ದು ಕೂತಿತು. ಹದಿನೈದು ದಿನ ಕಳೆದು ಒಂದು ಬುಧವಾರ ಬೆಳಿಗ್ಗೆ ಊರೊಳಗೆ ಆಟೋ ಬಂತು, ಆಟೋದಲ್ಲಿ ಮೈಕು. "ಇವತ್ತು ಫುಡ್ ಇನ್ಸ್‌ಪೆಕ್ಟರ್ ಮೇಡಂ ಮನೆಮನೆಗೂ ಬರ್ತಾರೆ! ಕಲರ್ ಟಿವಿ, ಫ್ರಿಜ್ಜು, ಬೈಕು ಮಡಿಕ್ಕೊಂಡು ಬಿಪಿಎಲ್ ಕಾರ್ಡು ಮಾಡಿಸ್ಕೊಂಡಿರೋರ ಮೇಲೆ ಪೊಲೀಸ್ ಕೇಸು ಬೀಳ್ತದೆ!"

ಹಲ್ಲುಜ್ಜುತ್ತಿದ್ದ ಬಾಲರಾಜು ಪೇಸ್ಟು ನುಂಗಿಬಿಟ್ಟ. ಅವನ ಮನೆಯಲ್ಲಿ ಕಲರ್ ಟಿವಿ ಇತ್ತು, ಫ್ರಿಜ್ಜೂ ಇತ್ತು, ಬೈಕೂ ಇತ್ತು. ಜೊತೆಗೆ, ಕಸುಬು ಕೂಲಿ ಎಂದು ಬರೆಸಿದ ಬಿಪಿಎಲ್ ಕಾರ್ಡೂ ಇತ್ತು. ಅಷ್ಟೇ ಆಗಿದ್ದರೆ ಹೇಗೋ ಆಗುತ್ತಿತ್ತು. ಹಾರೋಹಳ್ಳಿಯ ಒಂದು ಕಂಪನಿಯಲ್ಲಿ ಹನ್ನೊಂದು ವರ್ಷ ಕಾಂಟ್ರಾಕ್ಟಿನಲ್ಲಿ ಮೆಷಿನ್ನು ತಿರುಗಿಸಿದ ಮೇಲೆ ಬರುವ ಸೋಮವಾರ ಕಂಪನಿಯವರು ಅವನನ್ನು ಪರ್ಮನೆಂಟ್ ಮಾಡುವವರಿದ್ದರು. ಮೈಮೇಲೆ ಪೊಲೀಸ್ ಕೇಸು ಇದ್ದವನನ್ನು ಯಾವ ಕಂಪನಿ ಪರ್ಮನೆಂಟ್ ಮಾಡೀತು?

"ಯಾವನ್ರೀ ಅವನು ಅರ್ಜಿ ಹಾಕಿದ ಹಾಳಾದೋನು? ಅವನ ಕೈ ಸೇದೋಗ!" ಎಂದು ಹೆಂಡತಿ ಲತಾಮಣಿ ನೆಟಿಗೆ ಮುರಿದಳು.

ಬಾಲರಾಜು ಬಲಗೈಯನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿಕೊಂಡ.

ಸಾಮಾನು ಬಚ್ಚಿಡಬೇಕು, ಸರಿ, ಎಲ್ಲಿ? ಅಕ್ಕಪಕ್ಕದವರದೂ ಇದೇ ಪಾಡು. ಒಬ್ಬ ಹುಲ್ಲಿನ ಮೆದೆಯೊಳಕ್ಕೆ ಮಿಕ್ಸಿ ತುರುಕುತ್ತಿದ್ದ, ಇನ್ನೊಬ್ಬ ಕೊಟ್ಟಿಗೆಯಲ್ಲಿ ಬೈಕಿನ ಮೇಲೆ ಬೂಸಾ ಚೀಲ ಒಟ್ಟುತ್ತಿದ್ದ. ಬಾಲರಾಜು ಓಡಿದ್ದು ದಾಸಪ್ಪನ ಅಂಗಡಿಗೆ.

"ಸುದಾಮನ ರೂಮ್ನಲ್ಲಿ ಮಡಗ್ಲಾ," ಎಂದ ದಾಸಪ್ಪ. "ಅವನಿಗೆ ಕಾರ್ಡೇ ಇಲ್ವಂತೆ. ಕಾರ್ಡಿಲ್ದೋನು ಆನೆ ಕಟ್ಕೊಂಡಿದ್ರೂ ಯಾರೂ ಕೇಳಂಗಿಲ್ಲ."

"ಕಾರ್ಡಿಲ್ವಾ? ಅವತ್ತು ಐತೆ ಅಂದಲ್ಲೋ!"

"ಅವತ್ತು ಇರ್ಬೇಕು ಅಂದ್ಕೊಂಡಿದ್ದೆ ಕಣ್ಲಾ. ಇವತ್ತು ಬೆಳಿಗ್ಗೆ ಕೇಳ್ದೆ."

ಕತ್ತು ಹಿಸುಕಬೇಕು ಅನ್ನಿಸಿತು ಬಾಲರಾಜುವಿಗೆ. ಆದರೆ ಅದಕ್ಕೆಲ್ಲ ಪುರಸೊತ್ತಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದ್ದ ಸುದಾಮನನ್ನು ಎಬ್ಬಿಸಿ, ಎರಡೂ ಕೈ ಹಿಡಿದುಕೊಂಡು ಸಂಗತಿ ಹೇಳಿದ.

"ಇಡಿ ಅಣ್ಣಾ," ಎಂದ ಸುದಾಮ, ಕಣ್ಣುಜ್ಜಿಕೊಳ್ಳುತ್ತ. "ನನಗೆ ಒಂದು ಚಾಪೆ ಜಾಗ ಬಿಟ್ಟು ಇಡಿ."

ಟಿವಿ ಹೊತ್ತು ಒಳಗೆ ಬಂದ ಬಾಲರಾಜುವಿಗೆ ಮೂಲೆಯಲ್ಲಿ ಆ ಅಕ್ಕಿ ಮೂಟೆ ಕಂಡಿತು. ಹತ್ತಿರ ಹೋಗಿ ನೋಡಿದರೆ, ಮೂಟೆಯ ಹೊಟ್ಟೆಗೆ ಅವನ ಅವ್ವ ಕೆಂಚಮ್ಮ ಹಳೇ ಲಂಗದ ಹಸಿರು ಬಟ್ಟೆಯಲ್ಲಿ ಹಾಕಿದ ತೇಪೆ! ಹಿಂದೆಯೇ ಫ್ರಿಜ್ಜು ತಳ್ಳಿಸಿಕೊಂಡು ಬರುತ್ತಿದ್ದ ಲತಾಮಣಿಯ ಕಡೆ ತಿರುಗಿದ.

"ಲೇ, ಇದು ನಮ್ಮನೆ ಚೀಲ ಅಲ್ವೇನೇ?"

"ಹೂಂ ಮತ್ತೆ. ಸೊಸೈಟಿ ಅಕ್ಕಿ ಮುಗ್ಗಲು ನಾರ್ತದೆ, ಸೋನಾ ಮಸೂರಿನೇ ಆಗ್ಬೇಕು ಅಂತ ತಟ್ಟೆ ನೂಕಿದ್ದು ಯಾರು? ತಿಂಗಳು ತಿಂಗಳು ಇವನಿಗೇ ಮಾರ್ತೀನಿ. ಪಾಪ, ಒಂದು ದಿನಾನೂ ಚೌಕಾಸಿ ಮಾಡ್ಲಿಲ್ಲ."

ತನ್ನ ಮನೆಯ ಅಕ್ಕಿಯ ಮೇಲೆ ತಾನೇ ಅರ್ಜಿ ಬರೆದದ್ದು ಬಾಲರಾಜುವಿನ ತಲೆಗೆ ಹೋಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಹೋದ ಮೇಲೆ ಅಲ್ಲೇ ಕುಸಿದು ಕೂತ. ರೇಷನ್ ಅಕ್ಕಿ ಮಾರಿದ್ದಕ್ಕೆ ಇನ್ನೊಂದು ಕೇಸು! ಮೂಟೆಯನ್ನು ಹೊರಗೆ ಸಾಗಿಸೋಣವೆಂದರೆ ಬೀದಿ ತುಂಬ ಜನ. ಕೊನೆಗೆ ಸುದಾಮನೇ ಮೂಟೆ ಅಡ್ಡ ಮಲಗಿಸಿ ಮೇಲೊಂದು ಹೂವಿನ ಬೆಡ್‌ಶೀಟು ಹೊದಿಸಿದ. ನೋಡುವುದಕ್ಕೆ ಒಳ್ಳೆ ಸೋಫಾ ಆಯಿತು.

ಲತಾಮಣಿ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಡುವವಳಲ್ಲ. ಟಿವಿ, ಫ್ರಿಜ್ಜು, ಬೈಕು ಸಾಗಿದ ಮೇಲೆ ಮಿಕ್ಸಿ, ಮಂಚ, ಸ್ಟೀಲು ಪಾತ್ರೆ, ಕಡೆಗೆ ಗ್ಯಾಸ್ ಒಲೆ, ಸಿಲಿಂಡರು ಎಲ್ಲ ಸಾಗಿದವು. ಮನೆಯೊಳಗೆ ಮಾತಾಡಿದರೆ ಮಾರ್ದನಿ ಬರುವಂತಾಯಿತು.

"ಅವ್ವಾ, ನೀನು ಬಾಗ್ಲಲ್ಲಿ ಕೂತಿರು. ಮೇಡಂ ಬಂದಾಗ ಒಸಿ ಕೆಮ್ಮು, ಸಾಕು," ಎಂದು ಕೆಂಚಮ್ಮನಿಗೆ ಹೇಳಿಕೊಟ್ಟು ಬಾಲರಾಜು ಊರಬಾಗಿಲಿಗೆ ಹೋಗಿ ನಿಂತ. ದಾರಿಯಲ್ಲಿ ದಾಸಪ್ಪನಿಗೂ, "ಯಾರಾದ್ರೂ ಕೇಳಿದ್ರೆ ನಮ್ಮನೇಲಿ ಏನೂ ಇಲ್ಲ ಅನ್ನು," ಎಂದು ಹೇಳಿ ಹೋದ.

ಹನ್ನೊಂದು ಗಂಟೆಗೆ ಭಾನುಪ್ರಿಯ ಮೇಡಂ ಸ್ಕೂಟರಿನಲ್ಲಿ ಬಂದಿಳಿದರು. ಹಿಂದೆ ದಪ್ಪ ರಿಜಿಸ್ಟರು ಅವುಚಿಕೊಂಡ ಗುಮಾಸ್ತ ಬಸವಲಿಂಗಯ್ಯ.

"ಇಲ್ಲಿ ಹೊರಗಿನವರ ಮೇಲೆ ಒಂದು ಅರ್ಜಿ ಬಂದಿದೆ," ಎಂದರು ಮೇಡಂ. "ಮೊದಲು ಅವರ ಮನೆ ತೋರಿಸಿ. ಬಸವಲಿಂಗಯ್ಯ, ನೀವು ಮಿಕ್ಕ ಮನೆ ನೋಡ್ಕೊಂಡು ಬನ್ನಿ."

ಬಾಲರಾಜು ಸಾಮಾನು ಸಾಗಿಸಿದ್ದೇ ಅಲ್ಲಿಗೆ. ಬೇರೆ ದಾರಿಯಿಲ್ಲದೆ ಮುಂದೆ ಮುಂದೆ ನಡೆದ.

ಶೀಟಿನ ರೂಮಿನ ಬಾಗಿಲು ತೆಗೆದರೆ ಒಳಗೆ ಸಂಸಾರವೇ ನಡೆದಿತ್ತು. ಧಾರಾವಾಹಿ ತಪ್ಪೀತೆಂದು ಕೆಮ್ಮುವ ಕೆಲಸ ಬಿಟ್ಟು ಬಂದ ಕೆಂಚಮ್ಮ ಟಿವಿ ಮುಂದೆ ಚಕ್ಕಂಬಕ್ಕಳ ಹಾಕಿ ಕೂತಿದ್ದಳು. ಅತ್ತೆಗೆ ಹಸಿವಾಯಿತೆಂದು ಲತಾಮಣಿ ಗ್ಯಾಸು ಹಚ್ಚಿ ಸಾರಿಗೆ ಒಗ್ಗರಣೆ ಕೊಡುತ್ತಿದ್ದಳು. ಬೈಕಿನ ಪಕ್ಕದ ಚಾಪೆಯಲ್ಲಿ ಸುದಾಮ ತೂಕಡಿಸುತ್ತಿದ್ದ. ಮೇಡಂ ಒಂದು ಸಲ ಸುತ್ತ ನೋಡಿ ಸೀದಾ ಹೋಗಿ ಹೂವಿನ ಬೆಡ್‌ಶೀಟಿನ ಮೇಲೆ, ಅಂದರೆ ಅಕ್ಕಿ ಮೂಟೆಯ ಮೇಲೆ ಕೂತರು.

"ಟಿವಿ ಯಾರದು?"

"ನಂದು," ಎಂದ ಸುದಾಮ.

"ಫ್ರಿಜ್ಜು, ಬೈಕು?"

"ಎಲ್ಲ ನಂದು ಮೇಡಂ. ಕಾರ್ಡು ಇಲ್ಲ."

"ಹೌದು ಮೇಡಂ, ಎಲ್ಲ ಇವನದೇ. ನಾನು ಬೇಕಾದ್ರೆ ಸೈನ್ ಹಾಕ್ತೀನಿ," ಎಂದು ಬಾಲರಾಜು ಕೇಳದಿದ್ದರೂ ನಡುವೆ ಬಾಯಿ ಹಾಕಿದ. ಮೇಡಂ ಮಹಜರು ಬರೆದರು. ಬಾಲರಾಜು ಪಂಚನಾಗಿ ಪೂರ್ತಿ ಹೆಸರು, ಮನೆ ನಂಬರು ಸಮೇತ ಗುಂಡಗೆ ಸಹಿ ಹಾಕಿದ. ಅಬ್ಬಾ, ಗೆದ್ದೆ ಅಂದುಕೊಂಡ.

ಅಷ್ಟರಲ್ಲಿ ಬಸವಲಿಂಗಯ್ಯ ಬಾಗಿಲಿಗೆ ಬಂದರು. "ಮೇಡಂ, ಬಾಲರಾಜು ಅಂತ ಒಬ್ಬರ ಮನೆ ಪೂರಾ ಖಾಲಿ. ಒಂದು ಲೋಟನೂ ಇಲ್ಲ. ಟೀ ಅಂಗಡಿ ದಾಸಪ್ಪನ್ನ ಕೇಳಿದ್ರೆ, ಆ ಮನೇಲಿ ಏನೂ ಇಲ್ಲ, ಯಾರೂ ಇಲ್ಲ ಅಂದ್ರು."

ಏನೂ ಇಲ್ಲ ಅನ್ನು ಎಂದರೆ, ಯಾರೂ ಇಲ್ಲ ಅನ್ನುವುದನ್ನು ದಾಸಪ್ಪ ತನ್ನ ಕೈಯಿಂದ ಸೇರಿಸಿದ್ದ. ಉಪಕಾರ ಮಾಡುವಾಗ ಅವನದು ಯಾವಾಗಲೂ ದೊಡ್ಡ ಕೈ.

ಮೇಡಂ ಮಹಜರಿನ ಸಹಿ ನೋಡಿದರು. ಆಮೇಲೆ ಬಾಲರಾಜುವಿನ ಮುಖ ನೋಡಿದರು. "ಬಾಲರಾಜು ಅಂದ್ರೆ ನೀವೇ ತಾನೆ? ಯಾರೂ ವಾಸ ಇಲ್ಲದ ಮನೆ ಹೆಸರಲ್ಲಿ ಕಾರ್ಡು ಇಟ್ಕೊಂಡು ಅಕ್ಕಿ ತಗೋತಾ ಇದ್ದೀರಾ? ಇದಕ್ಕಿಂತ ದೊಡ್ಡ ಮೋಸ ಇನ್ನೇನಿದೆ? ಬಸವಲಿಂಗಯ್ಯ, ಕೇಸು ಬರ್ಕೊಳ್ಳಿ."

ಬಾಲರಾಜು ಮನಸ್ಸಿನಲ್ಲೇ ಲೆಕ್ಕ ಹಾಕಿದ. ಆ ಮನೆಯಲ್ಲೇ ಇದ್ದೇನೆ ಎಂದರೆ ಸಾಮಾನೆಲ್ಲಿ ಎನ್ನುತ್ತಾರೆ. ಸಾಮಾನು ಇಲ್ಲಿದೆ ಎಂದರೆ ಆಗತಾನೆ ಹಾಕಿದ ಸಹಿ ಸುಳ್ಳಾಗುತ್ತದೆ. ಸೋಮವಾರದ ಆರ್ಡರು ಕಣ್ಣೆದುರೇ ಹರಿದು ಹೋದಂತಾಗಿ, "ಮೇಡಂ... ಅದು... ಮೇಡಂ..." ಎಂದು ತೊದಲಿದ. ಲತಾಮಣಿಯ ಕೈಯ ಸೌಟು ಸಾರಿನೊಳಗೆ ಬಿತ್ತು.

"ಮೇಡಂ," ಎಂದು ಸುದಾಮ ಎದ್ದು ಕೂತ. "ಖಾಲಿ ಮನೆಯಲ್ಲಿ ಅಣ್ಣ ಹೆಂಗೆ ಇರೋದು? ಅಣ್ಣ, ಅಕ್ಕ, ಅಮ್ಮ ಎಲ್ಲ ನನ್ನ ಜೊತೆ ಇರೋದು. ನೋಡಿ, ಅಕ್ಕ ಅಡುಗೆ ಮಾಡ್ತಾ ಇದೆ."

ಮೇಡಂ ಒಲೆಯ ಕಡೆ ನೋಡಿದರು. ರೇಷನ್ ಆಫೀಸಿನವರಿಗೆ ಗೋಡೆ, ಜಾತಿ, ರಕ್ತಸಂಬಂಧ ಯಾವುದೂ ಮುಖ್ಯವಲ್ಲ. ಒಲೆ ಎಷ್ಟು ಅಂತ ಎಣಿಸುತ್ತಾರೆ. ಒಂದು ಒಲೆಗೆ ಒಂದು ಸಂಸಾರ, ಒಂದು ಕಾರ್ಡು. ಅಣ್ಣತಮ್ಮಂದಿರು ಎರಡು ಕಾರ್ಡು ಬೇಕೆಂದರೆ ಎರಡು ಒಲೆ ತೋರಿಸುವುದೂ ಇದಕ್ಕೇ.

"ನಿಮ್ಮೆಲ್ಲರದೂ ಒಂದೇ ಒಲೆನಾ?"

"ಒಂದೇ ಕಣವ್ವ," ಎಂದಳು ಕೆಂಚಮ್ಮ ಟಿವಿಯಿಂದ ಕಣ್ಣು ಕೀಳದೆ. "ಬೇರೆ ಒಲೆ ಎಲ್ಲೈತೆ ತೋರ್ಸು ನೋಡನ."

ಮೇಡಂ ಮುಖ ಕರಗಿತು. "ಅಲ್ರೀ, ಅಷ್ಟು ದೂರದಿಂದ ದುಡಿಯೋಕೆ ಬಂದೋನು, ಗತಿಯಿಲ್ಲದ ಒಂದು ಸಂಸಾರನ ಸಾಕ್ತಾ ಇದಾನೆ. ಇಂಥೋನ ಮೇಲೆ ಅರ್ಜಿ ಬರೆಯೋಕೆ ಅದ್ಯಾವನಿಗೆ ಮನಸ್ಸು ಬಂತೋ!"

"ಕೈ ಸೇದೋಗ ಅವನಿಗೆ!" ಎಂದಳು ಲತಾಮಣಿ ಮನಸಾರೆ.

ಕೇಸಿನ ಹಾಳೆ ರಿಜಿಸ್ಟರಿನೊಳಗೆ ವಾಪಸು ಹೋಯಿತು. ಹಳೇ ಕಾರ್ಡು ರದ್ದಾಯಿತು. ಅದರ ಬದಲು ಹೊಸ ಕಾರ್ಡಿಗೆ ಒಂದು ಚೀಟಿ ಬರೆದು, ಮೇಡಂ ಜೋರಾಗಿ ಓದಿದರು. "ಕುಟುಂಬದ ಯಜಮಾನ, ಸುದಾಮ ಬೆಹೆರಾ. ಆಶ್ರಿತರು, ಬಾಲರಾಜು, ಲತಾಮಣಿ, ಕೆಂಚಮ್ಮ. ಮೂಲ ಊರು, ಗಂಜಾಂ ಜಿಲ್ಲೆ, ಒರಿಸ್ಸಾ. ಟಿವಿ, ಫ್ರಿಜ್ಜು ಎಲ್ಲ ಇರೋದ್ರಿಂದ ಬಿಪಿಎಲ್ ಸಿಗಲ್ಲ. ಆರು ತಿಂಗಳಲ್ಲಿ ಮತ್ತೆ ನೋಡೋಕೆ ಬರ್ತೀನಿ, ಎಲ್ಲ ಹೀಗೇ ಇರ್ಬೇಕು."

ಸ್ಕೂಟರು ಊರು ದಾಟಿದ ಸದ್ದು ಕೇಳಿದ ಮೇಲೆ ಬಾಲರಾಜು ಬಾಗಿಲು ಮುಂದಕ್ಕೆ ಎಳೆದ. ಮೈ ಹೂವಿನಷ್ಟು ಹಗುರಾಯಿತು. ಕೇಸಿಲ್ಲ! ಸೋಮವಾರ ಪರ್ಮನೆಂಟು! ಸಂತೋಷ ತಡೆಯಲಾರದೆ ಸುದಾಮನನ್ನು ತಬ್ಬಿಕೊಂಡುಬಿಟ್ಟ.

"ಏನ್ರೀ," ಎಂದಳು ಲತಾಮಣಿ ಚೀಟಿ ಹಿಡಿದು, "ಏಳು ತಲೆಯಿಂದ ಹುಣಸೆದೊಡ್ಡೀಲಿರೋ ನಾವು ಈಗ ಒರಿಸ್ಸಾದೋರಾ?"

"ಇರ್ಲಿ ಬುಡೇ. ಜೈಲಿನೋರು ಆಗ್ಲಿಲ್ವಲ್ಲ, ಅಷ್ಟೇ ಸಾಕು," ಎಂದ ಬಾಲರಾಜು. ಸಾರಿನ ಘಮಕ್ಕೆ ಹೊಟ್ಟೆ ಚುರುಗುಟ್ಟಿತು. ತಟ್ಟೆ ಎಳೆದುಕೊಂಡು ಟಿವಿ ಮುಂದೆ ಅವ್ವನ ಪಕ್ಕ ಹಾಯಾಗಿ ಕೂತ, ಸೌಂಡು ಒಂದಷ್ಟು ಏರಿಸಿದ.

ಚಾಪೆಯ ಮೇಲೆ ಮಗ್ಗುಲಾಗಿದ್ದ ಸುದಾಮ ತಲೆಯೆತ್ತಿದ. "ಅಣ್ಣಾ, ಸೌಂಡ್ ಕಮ್ಮಿ ಮಾಡಿ. ನನಗೆ ರಾತ್ರಿ ಪಾಳಿ ಇದೆ."

"ಯಾರಿಗ್ಲಾ ಯೋಳ್ತಿದ್ದೀಯ..." ಎಂದು ಬಾಯಿ ತೆರೆದ ಬಾಲರಾಜು. ಲತಾಮಣಿ ಚೀಟಿಯ ಮೊದಲ ಸಾಲಿನ ಮೇಲೆ ಬೆರಳಿಟ್ಟು ಅವನಿಗೆ ತೋರಿಸಿದಳು.

ಬಾಲರಾಜು ಎದ್ದು ಹೋಗಿ ಸೌಂಡು ಕಮ್ಮಿ ಮಾಡಿದ.