ಸೀಮೆಸುಣ್ಣದ ಬೆಂಚು

"ಇನ್ನು ಮುಂದೆ ಈ ಮನೆಗೆ ಮಣೆ, ಸ್ಟೂಲು, ಶೆಲ್ಫು ಏನೂ ಕೊಳ್ಳೋ ಹಾಗಿಲ್ಲ. ಎಲ್ಲಾ ಈ ಕೈಯಿಂದಲೇ!" ಎಂದು ಎಂಬತ್ತಾರನೇ ಇಸವಿಯ ಒಂದು ಭಾನುವಾರ ಘೋಷಿಸಿಬಿಟ್ಟೆ. ಕಾಮಾಕ್ಷಿಪಾಳ್ಯದಲ್ಲಿ ಬಡಗಿಯೊಬ್ಬ ಹಲಗೆ ಉಜ್ಜುವುದನ್ನು ಅರ್ಧ ಗಂಟೆ ನಿಂತು ನೋಡಿ ಬಂದಿದ್ದೆ. ಅಷ್ಟು ವಿದ್ಯೆ ಸಾಲದೇ!

ಹೊಸಹಳ್ಳಿಯ ನಮ್ಮ ಬಾಡಿಗೆ ಮನೆಯ ಹಜಾರ ಹತ್ತಡಿಗೆ ಎಂಟಡಿ. ಕಿಟಕಿ ಪಕ್ಕದ ಬೆಳಕಿನಲ್ಲಿ ನನ್ನ ಹೆಂಡತಿ ಜಯದೇವಿಯ ಹೊಲಿಗೆ ಮೆಷೀನು. ಇಡೀ ಬೀದಿಯ ರವಿಕೆಗಳು ಹುಟ್ಟುವುದು ಅಲ್ಲೇ. ನನ್ನ ಬಡಗಿ ಬೆಂಚಿಗೂ ಅದೇ ಜಾಗ ಬೇಕು!

"ಮೆಷೀನು ಅಡುಗೆಮನೆಗೆ ಹೋಗ್ಲಿ," ಅಂದೆ.

"ಹೋಗ್ಲಿ. ನೀವು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬೆಂಚು ಬರೀರಿ. ಮೂರು ದಿನ ಅದು ನಿಜವಾದ ಬೆಂಚು ಅಂತ್ಲೇ ಓಡಾಡೋಣ. ಯಾರೂ ಡಿಕ್ಕಿ ಹೊಡೀಲಿಲ್ಲ ಅಂದ್ರೆ ಜಾಗ ನಿಮ್ದು. ಹೊಡೆದ್ರೆ ಮೆಷೀನು ವಾಪಸ್ಸು!"

ಕೆಂಪು ನೆಲದ ಮೇಲೆ ಐದಡಿ ಬೆಂಚು, ಗರಗಸದ ಮೂಲೆ, ಹಲಗೆ ಒರಗಿಸುವ ಜಾಗ ಎಲ್ಲ ಮೂಡಿದವು. ಮನುಷ್ಯರಿಗೆ ಉಳಿದದ್ದು ಒಂದಡಿ ಓಣಿ. ಎಪ್ಪತ್ತರ ನಮ್ಮಮ್ಮ ಸೆರಗು ಸುತ್ತಿಕೊಂಡು ಗೋಡೆಗೆ ಅಂಟಿಕೊಂಡೇ ನಡೆದರು. ಕಾಫಿಗೆ ಬಂದ ಗೆಳೆಯ ಸೇತುರಾಮನೂ ಅಡ್ಡಡ್ಡ ನಡೆದ.

ಪಕ್ಕದ ಮನೆಯ ಮುನಿರಾಮಯ್ಯ ಕಿಟಕಿಯಲ್ಲಿ ಇಣುಕಿದರು. "ಏನ್ ಸಾರ್, ಎಲ್ರೂ ಏಡಿ ಥರ ಓಡಾಡ್ತಾ ಇದೀರಿ?"

"ಬೆಂಚಿದೆಯಲ್ಲ ಸಾರ್!"

"ಎಲ್ಲಿ?"

"ಇಲ್ಲೇ, ಕಾಣ್ತಾ ಇಲ್ವಾ?"

ಅವರು ಹೋಗಿ ಹೆಂಡತಿಯನ್ನು ಕರೆತಂದರು. ಎರಡನೇ ದಿನಕ್ಕೆ ಕಿಟಕಿಯಲ್ಲಿ ಆರು ತಲೆ! ಯಾರು ಮೊದಲು ಡಿಕ್ಕಿ ಹೊಡೆಯುತ್ತಾರೋ ಎಂದು ನನಗೂ ತಡೆಯಲಾರದ ಕುತೂಹಲ. ಒಬ್ಬರೂ ಹೊಡೆಯಲಿಲ್ಲ. ಅಡುಗೆಮನೆಯ ಕತ್ತಲಲ್ಲಿ ಜಯದೇವಿ ಎರಡು ಸಲ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ನನಗೆ ಪಾಪ ಅನ್ನಿಸಿತು, ನಿಜ. ಆದರೆ ಗೆಲ್ಲುವ ಆಸೆ ಅದಕ್ಕಿಂತ ದೊಡ್ಡದಾಗಿತ್ತು.

ಮೂರನೇ ದಿನ ಸಂಜೆ ಆರಕ್ಕೆ ಗಡುವು. ಐದೂಮುಕ್ಕಾಲಿಗೆ ಅಡುಗೆಮನೆಯಲ್ಲಿ ನಿಂತು, ಬೆಂಚಿಗೆ ಎಂಥ ಮರ ತರಲಿ ಎಂದು ಜಯದೇವಿಗೇ ಕೇಳಿಸುವಂತೆ ಯೋಚಿಸುತ್ತಿದ್ದೆ. ಬೀದಿಯಿಂದ ಕೂಗು ಬಂತು: "ನಲ್ಲೀಲಿ ನೀರು ಬಂತೂ!"

ಎರಡು ದಿನದಿಂದ ತೊಟ್ಟು ನೀರಿರಲಿಲ್ಲ! ಎರಡೂ ಕೈಗೆ ಬಿಂದಿಗೆ ಸಿಕ್ಕಿಸಿಕೊಂಡು ಹಾರಿದೆ. ಹಜಾರದ ನಟ್ಟನಡುವೆ ನಾಲ್ಕೇ ಹೆಜ್ಜೆ! ಕಿಟಕಿಯ ಆರೂ ತಲೆಗಳು ಗೊಳ್ಳೆಂದಾಗ ತಿರುಗಿ ನೋಡಿದೆ. ಅಮ್ಮ ಚೊಂಬು ಹಿಡಿದು ಗೋಡೆಗುಂಟ ನಿಧಾನವಾಗಿ ಬರುತ್ತಿದ್ದರು. ಬೆಂಚಿನ ಮೇಲೆಲ್ಲ ನನ್ನ ಹೆಜ್ಜೆ!

ಜಯದೇವಿ ಬಗ್ಗಿ, ಅಳಿಸಿಹೋದ ಗೆರೆಗಳನ್ನು ಡಾಕ್ಟರಂತೆ ಮುಟ್ಟಿ ನೋಡಿದಳು.

"ಗಾಬರಿ ಆಗ್ಬೇಡಿ. ನಿಮಗೇನೂ ಪೆಟ್ಟಾಗಿಲ್ಲ. ಬೆಂಚು ಉಳಿಯೋದು ಮಾತ್ರ ಕಷ್ಟ!"