ಬೀಸುವ ಕಲ್ಲಿನ ಮೇಲೆ ಕೂತ ಕಾರು

ಸರಿಯಾಗಿರುವ ವಸ್ತುವನ್ನು ಸರಿಯಾಗಿಯೇ ಇರಲು ಬಿಡುವ ಜನ ಪುಣ್ಯವಂತರು. ನಾನು ಅವರ ಪೈಕಿ ಅಲ್ಲ. ಗೋಡೆ ಗಡಿಯಾರ ವೇಳೆಗೆ ಸರಿಯಾಗಿ ಹೊಡೆಯುತ್ತಿದ್ದರೆ, ಒಳಗೆ ಏನೋ ಕೆಡುವುದರಲ್ಲಿದೆ ಎಂದು ನನಗೆ ಅನುಮಾನ. ಹೊಲಿಗೆ ಮೆಷಿನ್ನು ಸದ್ದಿಲ್ಲದೆ ಓಡಿದರೆ ಕೈ ತುರಿಸುತ್ತದೆ. ತುಮಕೂರಿನ ಕೋರ್ಟಿನಲ್ಲಿ ನಾನು ವಕೀಲ. ಕಕ್ಷಿದಾರರು ಕಡಿಮೆ, ಬಿಡುವು ಜಾಸ್ತಿ. ಈ ಬಿಡುವು ನನ್ನಂಥವನಿಗೆ ಒಳ್ಳೆಯದಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ, ಏನನ್ನಾದರೂ ಬಿಚ್ಚದಿದ್ದರೆ ಉಂಡ ಅನ್ನ ಅರಗುವುದಿಲ್ಲ. ನನ್ನ ಹೆಂಡತಿ ಶಾರದೆ ಮದುವೆಯಾದ ಹೊಸದರಲ್ಲೇ ಇದನ್ನು ಕಂಡುಕೊಂಡು, ತಾನು ತಂದಿದ್ದ ಹೊಲಿಗೆ ಮೆಷಿನ್ನನ್ನು ಗುಬ್ಬಿಯ ತವರಿಗೆ ವಾಪಸ್ಸು ಕಳಿಸಿಬಿಟ್ಟಳು. "ಅಲ್ಲಾದ್ರೂ ಬದುಕ್ಕೊಳ್ಳಲಿ" ಎಂದಳು.

ಇಂಥವನ ಕೈಗೆ ಕಾರು ಸಿಗಬಾರದಿತ್ತು. ಸಿಕ್ಕಿತು. ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಕುಣಿಗಲ್ಲಿನಲ್ಲಿ ಕುದುರೆಗಳ ಡಾಕ್ಟರಾಗಿದ್ದ ದೊರೆಯೊಬ್ಬ ಕೊನೆಗೂ ತನ್ನ ದೇಶಕ್ಕೆ ಹೊರಟು ನಿಂತಾಗ ತನ್ನ ಸ್ಪೋರ್ಟ್ಸ್ ಕಾರನ್ನು ಅಗ್ಗಕ್ಕೆ ಕೊಟ್ಟುಹೋದ. ಹಸಿರು ಬಣ್ಣ, ಎರಡೇ ಸೀಟು, ಮೇಲೆ ಚಾವಣಿ ಇಲ್ಲ. ಎಷ್ಟು ತಗ್ಗು ಎಂದರೆ, ಅದರಲ್ಲಿ ಕೂತಿದ್ದಾಗ ಬೀದಿನಾಯಿ ಎದುರಿಗೆ ಬಂದು ಸರಿಸಮವಾಗಿ ನನ್ನ ಮುಖ ನೋಡಿ ಹೋಗುತ್ತಿತ್ತು. ಅದನ್ನು ಮಾಡಿದವರು ತಮ್ಮ ದೇಶದ ನುಣ್ಣನೆಯ ರಸ್ತೆ ನೋಡಿ ಮಾಡಿದ್ದರು; ಗುಬ್ಬಿ ರಸ್ತೆಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ. ಎತ್ತಿನ ಗಾಡಿಯ ಚಕ್ರಗಳು ಕೊರೆದ ಜಾಡಿನಲ್ಲಿ ನಮ್ಮ ಕಾರು ಹೊಟ್ಟೆ ಉಜ್ಜಿಕೊಂಡೇ ಮುಂದೆ ಹೋಗಬೇಕಾಗಿತ್ತು. ಆದರೂ ನಾನು ಕೋರ್ಟಿಗೆ ಅದರಲ್ಲೇ ಹೋಗುತ್ತಿದ್ದೆ. ಮನೆಯಿಂದ ಕೋರ್ಟು ಕೂಗಳತೆ ದೂರ. ಅದಕ್ಕೇ ಊರು ಸುತ್ತಿಕೊಂಡು ಹೋಗುತ್ತಿದ್ದೆ.

ನಮ್ಮ ಮಾವನವರು, ಅಂದರೆ ಶಾರದೆಯ ತಂದೆ, ಗುಬ್ಬಿಯಲ್ಲಿ ರಿಟೈರಾದ ಶಿರಸ್ತೇದಾರರು. ಜರಿಯಂಚಿನ ರುಮಾಲು ಸುತ್ತದೆ ಬಾಗಿಲಾಚೆ ಕಾಲಿಟ್ಟವರಲ್ಲ. ಯುಗಾದಿಗೆ ಅವರನ್ನು ಕಾರಿನಲ್ಲೇ ಕರೆತರುತ್ತೇನೆಂದು ಹಟ ಹಿಡಿದು ಹೋದೆ. ಹೊರಟು ಸ್ವಲ್ಪ ದೂರ ಬಂದಿಲ್ಲ, ಒಂದು ಗುಂಡಿ. ಕಾರು ಇಳಿಯಿತು, ಏಳುವಾಗ ಮಾವನವರನ್ನು ಒಂದು ಮೊಳ ಮೇಲಕ್ಕೆ ಎಸೆದು ಹಿಡಿಯಿತು. ರುಮಾಲು ಹಿಂದೆ ರಸ್ತೆಯಲ್ಲಿ ಬಿತ್ತು. ಅವರು ನಾಲಗೆ ಕಚ್ಚಿಕೊಂಡಿದ್ದರು. ಹಿಂದಿನಿಂದ ಬರುತ್ತಿದ್ದ ಕೊಬ್ಬರಿ ಗಾಡಿಯವನು ರುಮಾಲಿನ ಧೂಳು ಕೊಡವಿ ಕೈಗೆ ಕೊಟ್ಟು, "ಬುಡಿ ಸ್ವಾಮಿ, ನಮ್ ಗಾಡೀಲಿ ಕೂತ್ಕಳಿ, ಹುಲ್ಲು ಹಾಸಿವ್ನಿ, ಮೆತ್ಗೈತೆ" ಅಂದ. ಶಿರಸ್ತೇದಾರರು ಕಾರಿನಿಂದ ಇಳಿದು ಕೊಬ್ಬರಿ ಗಾಡಿ ಹತ್ತಿದರು. ಹತ್ತಿ ಕೂತು, ನೋಯುವ ನಾಲಗೆಯಲ್ಲೇ ತೀರ್ಪು ಕೊಟ್ಟರು: "ಆ ಕಾರು ಓಡಾಡ್ತಿರೋವರ್ಗೂ ನಾನು ನಿಮ್ಮನೆಗೆ ಬರಲ್ಲ, ಅಳಿಯಂದ್ರೇ." ಗಾಡಿ ತಿರುಗಿಸಿಕೊಂಡು ಗುಬ್ಬಿಗೆ ಹೊರಟೇಹೋದರು.

ಹೇಳಿದ ಮಾತಿಗೆ ತಪ್ಪುವವರಲ್ಲ. ಯುಗಾದಿ ಹೋಯಿತು, ಗೌರಿ ಗಣೇಶ ಬಂದು ಹೋಯಿತು, ಅವರು ಬರಲಿಲ್ಲ. ನಮ್ಮ ಮನೆಯಲ್ಲಿ ಶಾರದೆಯ ಅಪ್ಪನಿಗೆಂದೇ ಒಂದು ದೊಡ್ಡ ಹಿತ್ತಾಳೆ ಲೋಟ ಇತ್ತು. ಬಂದಾಗಲೆಲ್ಲ ಅದರಲ್ಲೇ ಕಾಫಿ. ಅದನ್ನು ಅವಳು ಪ್ರತಿ ಶುಕ್ರವಾರ ಹುಣಸೆಹಣ್ಣು ಹಾಕಿ ಬೆಳಗಿ, ಒರೆಸಿ, ಮತ್ತೆ ಗೂಡಿನಲ್ಲಿ ಬೋರಲು ಹಾಕುತ್ತಿದ್ದಳು. ಅವಳು ಜಗಳವಾಡಿದ್ದರೆ ವಕೀಲನಾದ ನಾನು ಎದುರು ವಾದ ಹೂಡಬಹುದಿತ್ತು. ಆ ಲೋಟಕ್ಕೆ ಏನು ಉತ್ತರ ಹೇಳಲಿ? ಕಾರು ಮಾರಿಬಿಡುವುದು ಸುಲಭದ ದಾರಿ ಎಂದು ನೀವು ಹೇಳಬಹುದು. ನಮ್ಮ ಜೊತೆಗೇ ಇದ್ದ ನನ್ನ ಅಮ್ಮನೂ ಅದನ್ನೇ ಹೇಳಿದಳು. ನನಗೆ ಮಾತ್ರ ಅದು ಹೊಳೆಯಲೇ ಇಲ್ಲ. ಕಾರನ್ನೇ ತಿದ್ದಿ, ಮೆತ್ತಗೆ ಮಾಡಿ, ಮಾವನವರನ್ನು ತೊಟ್ಟಿಲಲ್ಲಿಟ್ಟ ಹಾಗೆ ಕರೆತರಬೇಕು ಎಂದು ನಿಶ್ಚಯಿಸಿದೆ. ವಿಜಯದಶಮಿಯ ಬೆಳಿಗ್ಗೆ ನಾನೂ ಶಾರದೆಯೂ ಕಾರಿನಲ್ಲಿ ಬರುತ್ತೇವೆಂದು ಗುಬ್ಬಿ ಬಸ್ಸಿನ ಕಂಡಕ್ಟರ್ ಬಾಯಲ್ಲಿ ಹೇಳಿಕಳಿಸಿದೆ. ಇರುವುದು ಎರಡೇ ಸೀಟು; ವಾಪಸ್ಸು ಬರುವಾಗ ತನ್ನ ಸೀಟನ್ನು ಅಪ್ಪನಿಗೆ ಬಿಟ್ಟು ಶಾರದೆ ಬಸ್ಸಿನಲ್ಲಿ ಬರುವುದೆಂದು ಮಾತಾಗಿತ್ತು. ಸಾಯಂಕಾಲ ಅವನ ಬಾಯಲ್ಲೇ ಉತ್ತರ ಬಂತು: "ಮೊದ್ಲು ಗಾಡಿ ತಂದು ತೋರಿಸ್ಲಿ, ಆಮೇಲೆ ನೋಡೋಣ ಅಂದ್ರು ಸಾರ್." ಶಾರದೆ ಅಂದು ಶುಕ್ರವಾರವಲ್ಲದಿದ್ದರೂ ಲೋಟ ಬೆಳಗಿದಳು.

ಬೆಂಗಳೂರಿಗೆ ಹೋಗಿ ಮಿಲಿಟರಿಯವರು ಹರಾಜು ಹಾಕಿದ್ದ ಜೀಪಿನ ಸಾಮಾನಿನಲ್ಲಿ ಹುಡುಕಿ ಉದ್ದನೆಯ ಸ್ಪ್ರಿಂಗ್ ಪಟ್ಟಿಗಳನ್ನೂ ದಪ್ಪ ಟೈರುಗಳನ್ನೂ ತಂದೆ. ದುರ್ಗಾಷ್ಟಮಿಯ ದಿನ ಕೋರ್ಟಿಗೆ ರಜ. ಅಂಗಳದಲ್ಲಿ ಕಾರನ್ನು ಜಾಕಿ ಕೊಟ್ಟು ಎತ್ತಿ, ನಾಲ್ಕು ಮೂಲೆಗೂ ಕಲ್ಲು ಕೊಟ್ಟೆ. ಹಿಟ್ಟಿನ ಗಿರಣಿ ಬಂದ ಮೇಲೆ ಬೀದಿಯ ಮನೆಗಳಲ್ಲೆಲ್ಲ ರಾಗಿ ಬೀಸುವ ಕಲ್ಲುಗಳು ಹಿತ್ತಿಲಲ್ಲಿ ಸುಮ್ಮನೆ ಬಿದ್ದಿದ್ದವು; ಬೇಡಿದ್ದಕ್ಕೆ ಎಲ್ಲರೂ ಸಂತೋಷದಿಂದಲೇ ಕೊಟ್ಟರು. ಚಕ್ರ ಬಿಚ್ಚಿದೆ. ಸ್ಪ್ರಿಂಗು ಬಿಚ್ಚಿದೆ. ಬಿಚ್ಚುವುದರಲ್ಲಿ ನನಗೆ ಯಾವತ್ತೂ ತೊಂದರೆಯಾದದ್ದಿಲ್ಲ. ಕೂರಿಸಲು ನೋಡಿದರೆ ಹೊಸ ಸ್ಪ್ರಿಂಗು ಹಳೆಯದಕ್ಕಿಂತ ನಾಲ್ಕು ಬೆರಳು ಉದ್ದ. ಬಗ್ಗಿಸಿದೆ, ಬಡಿದೆ, ಬೈದೆ. ಕತ್ತಲಾಯಿತು. ನಾಳೆ ಬೆಳಿಗ್ಗೆ ಎದ್ದು ಕೂರಿಸಿದರಾಯಿತು, ನಾಡಿದ್ದು ತಾನೇ ಹೋಗಬೇಕಾದದ್ದು ಎಂದು ಸಮಾಧಾನ ಮಾಡಿಕೊಂಡು ಮಲಗಿದೆ.

ಬೆಳಿಗ್ಗೆ ಎದ್ದು ಅಂಗಳಕ್ಕೆ ಬಂದರೆ ಒಂದು ಸ್ಪ್ಯಾನರೂ ಇಲ್ಲ. ಜಾಕಿ ಇಲ್ಲ, ಸುತ್ತಿಗೆ ಇಲ್ಲ, ಚಕ್ರಗಳೂ ಇಲ್ಲ. ದೇವರ ಮನೆಗೆ ಹೋಗಿ ನೋಡಿದೆ. ಅಮ್ಮ ಆಗಲೇ ಮಿಂದು ಮಡಿಯುಟ್ಟು, ಎಲ್ಲವನ್ನೂ ತೊಳೆದು ದೇವಿಯ ಪಟದ ಮುಂದೆ ಸಾಲಾಗಿ ಜೋಡಿಸಿ, ಒಂದೊಂದಕ್ಕೂ ವಿಭೂತಿ ಕುಂಕುಮ ಇಟ್ಟು, ಚೆಂಡುಹೂ ಏರಿಸಿ ಮುಗಿಸಿದ್ದಳು. ಆಯುಧಪೂಜೆ! ಹಬ್ಬ ಗೊತ್ತಿತ್ತು, ರಜ ಗೊತ್ತಿತ್ತು, ಕಡುಬಿನ ವಾಸನೆ ಕೂಡ ಬಂದಿತ್ತು. ನನ್ನ ಸ್ಪ್ಯಾನರೂ ಒಂದು ಆಯುಧ ಎಂಬುದು ಮಾತ್ರ ಹೊಳೆದಿರಲಿಲ್ಲ. ಪೂಜೆಗೆ ಇಟ್ಟ ಆಯುಧವನ್ನು ಮಾರನೆಯ ದಿನ ಮಂಗಳಾರತಿ ಮಾಡಿ ಕದಲಿಸುವವರೆಗೆ ಮುಟ್ಟುವಂತಿಲ್ಲ.

"ಅಮ್ಮ, ಆ ದೊಡ್ಡ ಸ್ಪ್ಯಾನರ್ ಒಂದೇ ಒಂದು ಕೊಡಮ್ಮ" ಎಂದೆ.

"ಮುಟ್ಟಬೇಡ ಕಣೋ. ವರ್ಷಕ್ಕೊಂದಿನ ಅವೂ ನಿನ್ನ ಕೈಯಿಂದ ತಪ್ಪಿಸ್ಕೊಂಡು ಸುಧಾರಿಸ್ಕೊಳ್ಲಿ."

"ಈಳಿಗೆಮಣೆಗೂ ಕುಂಕುಮ ಇಟ್ಟಿದೀಯ, ಅದ್ರಲ್ಲಿ ಕುಂಬಳಕಾಯಿ ಹೆಚ್ತಿದೀಯಲ್ಲ?"

"ಅದು ಹೊಟ್ಟೆ ವಿಷ್ಯ" ಎಂದಳು ಅಮ್ಮ. ಕೋರ್ಟಿನಲ್ಲಿ ಯಾವ ಜಡ್ಜಿಯೂ ನನ್ನನ್ನು ಇಷ್ಟು ಬೇಗ ಕೂರಿಸಿರಲಿಲ್ಲ.

ಬಸ್ ಸ್ಟ್ಯಾಂಡಿನ ಹತ್ತಿರದ ಗ್ಯಾರೇಜುಗಳಿಗೆ ಓಡಿದೆ. ಎಲ್ಲ ಕಡೆಯೂ ಬಾಳೆಕಂದು, ಮಾವಿನ ತೋರಣ. ವರ್ಷವಿಡೀ ಗ್ರೀಸಿನಲ್ಲಿ ಮುಳುಗಿರುತ್ತಿದ್ದವರೆಲ್ಲ ಶುಭ್ರ ಪಂಚೆಯುಟ್ಟು, ತಮ್ಮ ಸ್ಪ್ಯಾನರುಗಳಿಗೆ ಕೈಮುಗಿದುಕೊಂಡು ನಿಂತಿದ್ದರು. "ಬನ್ನಿ ಲಾಯರ್ ಸಾಹೇಬ್ರೇ, ಪ್ರಸಾದ ತಗೊಳ್ಳಿ" ಎಂದು ಹೋದಲ್ಲೆಲ್ಲ ಕೈತುಂಬ ಕಡಲೆಪುರಿ ಕೊಟ್ಟರು. ಸ್ಪ್ಯಾನರು ಯಾರೂ ಕೊಡಲಿಲ್ಲ. ಎರಡೂ ಜೇಬಿನ ತುಂಬ ಕಡಲೆಪುರಿ ಹೊತ್ತು ಮನೆಗೆ ಬಂದು, ದಿನವಿಡೀ ಕಾರಿನ ಸುತ್ತ ಸುತ್ತಿದೆ. ಅಷ್ಟು ಪ್ರದಕ್ಷಿಣೆಯನ್ನು ನಾನು ಯಾವ ದೇವರಿಗೂ ಹಾಕಿದವನಲ್ಲ. ನಾನು ಸುತ್ತುತ್ತಿದ್ದಾಗಲೇ ಅಮ್ಮ ಬಂದು ಚಕ್ರವಿಲ್ಲದ ಕಾರಿಗೂ ಹಾರ ಹಾಕಿ, ಬೂದುಗುಂಬಳಕಾಯಿ ಒಡೆಸಿದಳು.

ವಿಜಯದಶಮಿಯ ಬೆಳಿಗ್ಗೆ ಶಾರದೆ ರೇಷ್ಮೆ ಸೀರೆಯುಟ್ಟು ಜಗಲಿಯಲ್ಲಿ ಕೂತಿದ್ದಳು. ಸಾಯಂಕಾಲದವರೆಗೆ ಕದಲಿಸಲು ಮುಹೂರ್ತವಿಲ್ಲ ಎಂದು ಪುರೋಹಿತರು ಹೇಳಿದ್ದರು. ನಾನು ಮೆಲ್ಲಗೆ, "ಬಸ್ಸಲ್ಲೇ ಹೋಗ್ಬರೋಣ" ಎಂದೆ.

"ಬಸ್ಸಲ್ಲಿ ಹೋದ್ರೆ ಅಪ್ಪ ಬರ್ತಾರೇನ್ರೀ?" ಎಂದಳು. "ನಿಮ್ ಕಾರು ತಗ್ಗೋ ಎತ್ತರವೋ ನನಗೇನೂ ಬೇಕಿಲ್ಲ. ನಮ್ಮಪ್ಪ ನಮ್ಮನೇಗೆ ಬರಬೇಕು, ಅಷ್ಟೇ." ಕಣ್ಣು ಒರೆಸಿಕೊಂಡು ಒಳಗೆ ಹೋದಳು. ನನಗೆ ನನ್ನ ಕೈಗಳ ಮೇಲೇ ಸಿಟ್ಟು ಬಂತು.

ಮಧ್ಯಾಹ್ನದ ಹೊತ್ತಿಗೆ ಮನೆ ಮುಂದೆ ಜಟಕಾ ನಿಂತಿತು. ಇಳಿದವರು ಮಾವನವರು! ತಲೆಯ ಮೇಲೆ ರುಮಾಲಿಲ್ಲ, ಮುಖದಲ್ಲಿ ರಕ್ತವಿಲ್ಲ. "ಶಾರದೆ ಎಲ್ಲಿ?" ಎಂದರು. ಒಳಗಿಂದ ಅವಳು ಓಡಿ ಬಂದಳು. ಅವರು ಅವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಜಗಲಿಯ ಮೇಲೆ ಕೂತರು. "ಬೆಳಿಗ್ಗೆ ಬರ್ತೀವಿ ಅಂದೋರು ಬರಲಿಲ್ಲ. ದಾರಿ ಉದ್ದಕ್ಕೂ ಬಸ್ಸಿನ ಕಿಟಕೀಲಿ ಒಂದೊಂದು ಹಳ್ಳಾನೂ ಇಣುಕಿ ನೋಡ್ಕೊಂಡು ಬಂದೆ ಕಣೇ" ಎಂದರು. ಅಪ್ಪ ಮಗಳು ಇಬ್ಬರೂ ಅತ್ತರು. ಅಳುವುದಕ್ಕೆ ಯಾವ ಹಕ್ಕೂ ಇಲ್ಲದ ನಾನು ಜಟಕಾದವನ ಜೊತೆ ಮಾತಾಡಲು ಹೋದೆ.

ಕಾಫಿ ಕಾಯುವಷ್ಟರಲ್ಲಿ ಮಾವನವರ ಕಣ್ಣು ಅಂಗಳಕ್ಕೆ ಬಿತ್ತು. ಬೀಸುವ ಕಲ್ಲುಗಳ ಮೇಲೆ ಕಾರು, ಕೊರಳಲ್ಲಿ ಹಾರ, ಹಣೆಯಲ್ಲಿ ಕುಂಕುಮ, ಕೆಳಗೆ ಒಂದೂ ಚಕ್ರವಿಲ್ಲ. ಎದ್ದು ಹೋಗಿ ಬಗ್ಗಿ ನೋಡಿದರು. ಕೈಯಿಟ್ಟು ಅಲ್ಲಾಡಿಸಿದರು. ಅಲ್ಲಾಡಲಿಲ್ಲ. "ಓಡಾಡೋವರ್ಗೂ ಬರಲ್ಲ ಅಂದಿದ್ದೆ. ಇದು ಓಡಾಡಲ್ಲವಲ್ಲ!" ಎಂದವರೇ ಬಾಗಿಲು ತೆಗೆದು ಸೀಟಿನಲ್ಲಿ ಆರಾಮಾಗಿ ಕೂತರು. "ಈಗ ಬಂತು ನೋಡಿ ಅಳಿಯಂದ್ರೇ ಇದಕ್ಕೆ ಬುದ್ಧಿ." ಶಾರದೆ ಹಿತ್ತಾಳೆ ಲೋಟದ ತುಂಬ ಕಾಫಿ ತಂದು ಅಲ್ಲೇ ಕೈಗೆ ಕೊಟ್ಟಳು. ಅವಳ ಮುಖ ಆ ಲೋಟಕ್ಕಿಂತ ಹೊಳೆಯುತ್ತಿತ್ತು.

ಮಾವನವರು ದೀಪಾವಳಿಯವರೆಗೆ ಉಳಿದರು. ದಿನಾ ಬೆಳಿಗ್ಗೆ ಕಾರಿನಲ್ಲಿ ಕೂತು ಕಾಫಿ, ಪೇಪರು. ಸ್ಪ್ಯಾನರುಗಳ ಪೂಜೆ ಮುಗಿದು ಅವು ನನ್ನ ಪೆಟ್ಟಿಗೆಗೆ ವಾಪಸ್ಸು ಬಂದಿದ್ದವು. ಹೊಸ ಸ್ಪ್ರಿಂಗು, ಹೊಸ ಟೈರು ಮೂಲೆಯಲ್ಲಿ ನನ್ನನ್ನೇ ನೋಡುತ್ತಿದ್ದವು. ನಾನು ಅತ್ತ ಹೆಜ್ಜೆಯಿಟ್ಟರೆ ಸಾಕು, ಶಾರದೆ ಕೆಮ್ಮುತ್ತಿದ್ದಳು. ನಡೆದೇ ಕೋರ್ಟಿಗೆ ಹೋಗಿ ಬರುತ್ತಿದ್ದೆ. ನಾನು ಸುಧಾರಿಸಲು ಹೊರಟು ನಿಜವಾಗಿಯೂ ಸುಧಾರಿಸಿದ ವಸ್ತು ಆ ಕಾರೊಂದೇ. ಅದೂ ಕೆಲಸ ಅರ್ಧಕ್ಕೆ ನಿಂತದ್ದರಿಂದ.

ಒಂದು ಬೆಳಿಗ್ಗೆ ಮಾವನವರು ಕಾರಿನೊಳಗಿಂದ ಕರೆದರು. "ಎಲ್ಲಾ ಸೊಗಸಾಗಿದೆ ಅಳಿಯಂದ್ರೇ. ಈ ಸೀಟು ಮಾತ್ರ ಒಂಚೂರು ಗಟ್ಟಿ. ಏನಾದ್ರೂ ಮಾಡೋಕಾಗುತ್ತಾ ನೋಡಿ."

ಎಷ್ಟೋ ದಿನದಿಂದ ಸತ್ತಂತಿದ್ದ ನನ್ನ ಕೈಗಳಿಗೆ ಜೀವ ಬಂತು. "ಏನ್ ಮಹಾ ಮಾವ, ಒಂದು ಗಳಿಗೆ ಕೆಲಸ" ಎನ್ನುತ್ತಾ ಒಳಗೆ ಓಡಿದೆ. ಪೆಟ್ಟಿಗೆ ಖಾಲಿ. ದೇವರ ಮನೆಯಲ್ಲಿ ಶಾರದೆ ನನ್ನ ಸ್ಪ್ಯಾನರುಗಳನ್ನೆಲ್ಲ ಸಾಲಾಗಿ ಜೋಡಿಸಿಕೊಂಡು, ಒಂದೊಂದಕ್ಕೂ ಕುಂಕುಮ ಇಡುತ್ತಿದ್ದಳು.